ಹಳೆ ಟೆಲಿಮಾರ್ಕ್ ಬೂಟನ್ನು ಮನೆಯಲ್ಲೇ ನಡಿಗೆಗೆ ಹದ ಮಾಡುವುದು

ಆಸ್ಲೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಪುಣೆಗೆ ವಾಪಸಾದ ನನ್ನ ಭಾವ ಒಂದು ಜೊತೆ ಟೆಲಿಮಾರ್ಕ್ ಬೂಟು, ಅಂದರೆ ಹಿಮ್ಮಡಿ ಬಿಡುವಾಗಿಟ್ಟು ಹಿಮದ ಮೇಲೆ ಜಾರುವ ಒಂದು ಬಗೆಯ ಸ್ಕೀಯಿಂಗಿನ ಬೂಟು, ತಂದಿದ್ದರು. ನಾಲ್ಕು ಬಕಲ್, ದಪ್ಪ ಪ್ಲಾಸ್ಟಿಕ್. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಒಂದೊಂದೂ 1,940 ಗ್ರಾಂ. "ನನ್ನ ಮಂಡಿ ಇನ್ನು ಇದಕ್ಕೆಲ್ಲ ಒಪ್ಪೋದಿಲ್ಲ, ನೀನು ಹಾಕ್ಕೋ" ಅಂತ ಕೊಟ್ಟುಬಿಟ್ಟರು. ಎಂಟು ಭಾನುವಾರ ಕೋಥ್ರೂಡಿನ ನಮ್ಮ ಬಾಲ್ಕನಿಯಲ್ಲಿ ಕೂತು ಅವನ್ನು ಬಿಚ್ಚಿದೆ, ಕೊಯ್ದೆ, ತಿಕ್ಕಿದೆ, ಮತ್ತೆ ಜೋಡಿಸಿದೆ. ಈಗ ಒಂದೊಂದು 1,610 ಗ್ರಾಂ ತೂಗುತ್ತದೆ. 330 ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಏರುವಾಗ ಒಂದು ಕಾಲನ್ನು ಸಾವಿರ ಸಲ ಎತ್ತಿದರೆ ಅದು 330 ಕಿಲೋ. ಗುಲ್ಮಾರ್ಗಿನ ಮೇಲಿನ ಇಳಿಜಾರಿನಲ್ಲಿ ಅರ್ಧ ದಿನ ಏರುವವರಿಗೆ ಸಾವಿರ ಹೆಜ್ಜೆ ಎಲ್ಲಿಗೂ ಸಾಲದು.

ತೂಕಕ್ಕಿಂತ ದೊಡ್ಡ ಬದಲಾವಣೆ ಕಣಕಾಲಿಗೆ ಆಯಿತು. ಮೊದಲು ಬೂಟು ಹಾಕಿ ನಡೆದರೆ ಕಾಲಿಗೆ ಪ್ಲಾಸ್ಟರ್ ಹಾಕಿದ ಹಾಗಿತ್ತು. ಈಗ ಹೆಜ್ಜೆ ಉದ್ದವಾಗಿ ಬೀಳುತ್ತದೆ. ನನಗೆ ಈ ಬೂಟು ಬೇಕಾದದ್ದು ಟೂರಿಂಗಿಗೆ. ಟೂರಿಂಗ್ ಅಂದರೆ ಲಿಫ್ಟ್ ಇಲ್ಲದೆ, ಸ್ಕೀ ತಳಕ್ಕೆ ಹಿಂದೆ ಜಾರದಂತೆ ಹಿಡಿಯುವ ಸ್ಕಿನ್ ಪಟ್ಟಿ ಅಂಟಿಸಿ, ನಾವೇ ಏರಿ ನಾವೇ ಇಳಿಯುವುದು. ಮೂರು ಗಂಟೆ ಏರಿದರೆ ಇಳಿಯುವುದು ಇಪ್ಪತ್ತು ನಿಮಿಷ. ಹಳೆಯ ಭಾರಿ ಬೂಟುಗಳನ್ನು ಮಾಡಿದ್ದು ಆ ಇಪ್ಪತ್ತು ನಿಮಿಷಕ್ಕಾಗಿ. ಮನೆಯಲ್ಲಿ ನಾವು ಮಾಡಬೇಕಾದ್ದು ಉಳಿದ ಮೂರು ಗಂಟೆಗೆ ಬೇಕಾದ ಕೆಲಸ. ಕೊಯ್ಯುವಾಗ ಇದೊಂದನ್ನು ನೆನಪಿಟ್ಟುಕೊಂಡರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದು ತಾನೇ ಗೊತ್ತಾಗುತ್ತಾ ಹೋಗುತ್ತದೆ.

ಯಾವ ಬೂಟು ಆಗುತ್ತದೆ

ಟೆಲಿಮಾರ್ಕ್‌ನಲ್ಲಿ ಬೂಟಿನ ಮೂತಿ ಮಾತ್ರ ಸ್ಕೀಗೆ ಕಚ್ಚಿರುತ್ತದೆ. ಹಿಮ್ಮಡಿ ಬಿಡುವಾಗಿರುತ್ತದೆ. ತಿರುಗುವಾಗ ಒಂದು ಕಾಲು ಮುಂದೆ ಹೋಗುತ್ತದೆ, ಇನ್ನೊಂದು ಕಾಲಿನ ಮಂಡಿ ಬಗ್ಗಿ ಹಿಮ್ಮಡಿ ಮೇಲೆ ಏಳುತ್ತದೆ. ನಾರ್ವೆಯ ಟೆಲಿಮಾರ್ಕ್ ಸೀಮೆಯ ಮೊರ್ಗೆದಾಲ್ ಊರಿನ ಸೊಂಡ್ರೆ ನೊರ್‌ಹೈಮ್ 19ನೇ ಶತಮಾನದಲ್ಲಿ ಈ ಬಗೆಯ ಸ್ಕೀಯಿಂಗನ್ನು ಹೆಸರಿಗೆ ತಂದವರು. ಹಾಗಾಗಿ ಈ ಬೂಟು ಕಾಲ್ಬೆರಳಿನ ಬುಡದಲ್ಲಿ ಬಗ್ಗಲೇಬೇಕು. ಆ ಜಾಗದಲ್ಲಿ ಪ್ಲಾಸ್ಟಿಕ್ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ನಾನು ಅದನ್ನು ತಿದಿ ಅಂತಲೇ ಕರೆಯುತ್ತೇನೆ. ಮೂತಿಯ ಮುಂದೆ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆಯಾಗಿ ಚಾಚಿದ ಭಾಗವಿರುತ್ತದೆ. ಅದರ ಅಗಲದ ಅಳತೆ 75 ಮಿಮೀ ಅಂತ ಗೊತ್ತುಮಾಡಿದ್ದು. ಅಡಿಯಲ್ಲಿ ಬೈಂಡಿಂಗಿನ, ಅಂದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಹಿಡಿಕೆಯ, ಮೊಳೆ ಕೂರಲು ಮೂರು ತೂತು. ಬ್ರೋರ್ ವಿಥ್ ಎಂಬ ನಾರ್ವೆಯವರು 1927ರಲ್ಲಿ ರೊಟ್ಟೆಫೆಲ್ಲಾ ಬೈಂಡಿಂಗ್ ಮಾಡಿದರು. ಹೆಸರಿನ ಅರ್ಥ ಇಲಿಬೋನು. ಇಂದಿನ ಮೂರು ಮೊಳೆಯ ಬೈಂಡಿಂಗ್ ಆ ಸಾಲಿನಿಂದ ಬಂದದ್ದೇ.

ಹಿಮ್ಮಡಿಯೂ ಸ್ಕೀಗೆ ಕಚ್ಚಿಕೊಳ್ಳುವ ಸಾಮಾನ್ಯ ಆಲ್ಪೈನ್ ಸ್ಕೀ ಬೂಟನ್ನು ಟೆಲಿಮಾರ್ಕ್ ಬೂಟು ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಗದು. ಅದರ ತಳ ಮರದ ಹಲಗೆಯಷ್ಟು ಸೆಟೆದಿರುತ್ತದೆ. ತಿದಿ ಇಲ್ಲ, ಕೊಕ್ಕೂ ಇಲ್ಲ. ಅದರ ಮೂತಿ, ಹಿಮ್ಮಡಿಯ ಆಕಾರದ ಮೇಲೆಯೇ ಬಿದ್ದಾಗ ಬೈಂಡಿಂಗ್ ಬಿಚ್ಚಿಕೊಳ್ಳುವುದು ನಿಂತಿದೆ. ಅಲ್ಲಿ ಅರ ಹಾಕಿದರೆ ಕಾಲು ಮುರಿಯುವ ದಾರಿ ಮಾಡಿಕೊಂಡ ಹಾಗೆ.

2007ರಿಂದ ಬಂದ ಎನ್‌ಟಿಎನ್ ಎಂಬ ಹೊಸ ಮಾದರಿಗೆ ಕೊಕ್ಕು ಇಲ್ಲ. ಪಾದದ ನಡುವೆ ಇನ್ನೊಂದು ಹಿಮ್ಮಡಿಯಂಥ ಅಂಚಿರುತ್ತದೆ. ಕೊಕ್ಕಿನ ಹಳೆ ಬೂಟು ಆ ಬೈಂಡಿಂಗಿಗೆ ಕೂರುವುದಿಲ್ಲ. ಬೂಟಿಗೆ ಕೈ ಹಾಕುವ ಮುಂಚೆ ನಿಮ್ಮ ಸ್ಕೀ ಮೇಲಿನ ಬೈಂಡಿಂಗ್ ಯಾವುದು ಅಂತ ನೋಡಿಕೊಳ್ಳಿ.

ಅಳತೆ ನೋಡಲು ಒಳಗಿನ ಮೆತ್ತನೆ ಲೈನರ್ ತೆಗೆದು ಬರಿ ಶೆಲ್ಲಿನಲ್ಲಿ, ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚದಲ್ಲಿ, ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳು ಹೋಗುವಷ್ಟು ಜಾಗವಿರಬೇಕು. ಮೂರು ಬೆರಳು ಹೋದರೆ ಎಷ್ಟೇ ಹದ ಮಾಡಿದರೂ ಆ ಬೂಟು ನಿಮ್ಮದಾಗುವುದಿಲ್ಲ.

ಪ್ಲಾಸ್ಟಿಕ್ ಇನ್ನೂ ಬದುಕಿದೆಯಾ?

ಇದನ್ನು ಮೊದಲು ನೋಡದೆ ಒಂದು ರಿವೆಟ್ಟನ್ನೂ ತೆಗೆಯಬೇಡಿ. ಭಾವನ ಬೂಟಿಗಿಂತ ಮುಂಚೆ ನನ್ನ ಹತ್ತಿರ ಇನ್ನೊಂದು ಜೊತೆ ಇತ್ತು. ಸೆಕೆಂಡ್ ಹ್ಯಾಂಡ್, ನೋಡಲು ಹೊಸದರ ಹಾಗೇ. ಗುಲ್ಮಾರ್ಗಿನಲ್ಲಿ ಮೂರನೇ ದಿನ ಎಡಗಾಲಿನ ಮೇಲ್ಭಾಗ ಟಪ್ ಅಂತ ಸೀಳಿತು. ಮಂಡಿವರೆಗಿನ ಹಿಮದಲ್ಲಿ ಎರಡು ಗಂಟೆ ಇಳಿದು ಬಂದೆ. ಕಾಲು ಒದ್ದೆ, ಬೆರಳಿಗೆ ಸ್ಪರ್ಶವಿಲ್ಲ. ಆ ಭಯ ಇನ್ನೂ ಇದೆ.

ಕಾರಣ ಆಮೇಲೆ ತಿಳಿಯಿತು. ಹಳೆ ಬೂಟುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್. ಒಂದು ಪಿಯು, ಅಂದರೆ ಪಾಲಿಯುರಿಥೇನ್. ಇನ್ನೊಂದು ಪೆಬಾಕ್ಸ್. ಪಿಯುನಲ್ಲಿ ಒಂದು ಜಾತಿ ಗಾಳಿಯ ತೇವವನ್ನು ಹೀರಿ ನಿಧಾನಕ್ಕೆ ಒಳಗಿನಿಂದ ಮುರಿಯುತ್ತಾ ಹೋಗುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಅನ್ನುತ್ತಾರೆ. ಬಳಸಿದರೂ ಬಳಸದಿದ್ದರೂ ಇದು ನಡೆಯುತ್ತದೆ. ಬಿಸಿ ಮತ್ತು ತೇವ ಸೇರಿದರೆ ಬೇಗ ನಡೆಯುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಶೂ ಹಾಕಿಕೊಂಡು ರಾಜಗಡ ಹತ್ತುವಾಗ ಅಟ್ಟೆ ಇಡಿಯಾಗಿ ಕಳಚಿ ಬಂದದ್ದನ್ನು ಸಹ್ಯಾದ್ರಿ ಸುತ್ತುವವರು ಬೇಕಾದಷ್ಟು ನೋಡಿರುತ್ತೀರಿ, ಅಲ್ವಾ? ಅದೂ ಇದೇ ರೋಗ. ನಾರ್ವೆಯ ಒಣ ಚಳಿಯಲ್ಲಿ ಇಪ್ಪತ್ತು ವರ್ಷ ಚೆನ್ನಾಗಿದ್ದ ಬೂಟು ಪುಣೆಯ ಮಳೆಗಾಲವನ್ನು ಹಾಗೆ ತಡೆಯುವುದಿಲ್ಲ. ಮುಂಬೈ, ಗೋವಾದವರಿಗೆ ವರ್ಷವಿಡೀ ತೇವ. ಪೆಬಾಕ್ಸ್ ಇದಕ್ಕೆ ಜಾಸ್ತಿ ಜಗ್ಗುವುದಿಲ್ಲ, ಹಗುರವೂ ಹೌದು. ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ಎಷ್ಟೋ ಬೂಟುಗಳಲ್ಲಿ ಶೆಲ್ಲಿನ ಒಳಗೆ ಅಥವಾ ತಳದಲ್ಲಿ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ಹುಡುಕಿ.

ಪರೀಕ್ಷೆ ಎರಡು ಹಂತದ್ದು. ಮೊದಲು ಕಣ್ಣಿನಿಂದ. ತಿದಿಯ ಮಡಿಕೆಗಳನ್ನು ಕೈಯಲ್ಲಿ ಬಗ್ಗಿಸಿ, ಮಡಿಕೆಯ ತಳದಲ್ಲಿ ಕೂದಲೆಳೆಯ ಬಿರುಕು ಇದೆಯಾ ನೋಡಿ. ರಿವೆಟ್ಟುಗಳ ಸುತ್ತ, ಬಕಲ್ಲಿನ ಬುಡದಲ್ಲಿ, ಹಿಮ್ಮಡಿಯ ಹಿಂದಿನ ತೋಡಿನಲ್ಲಿ ನೋಡಿ. ಮುಟ್ಟಿದರೆ ಅಂಟಂಟಾಗಿದ್ದರೆ, ಸೀಮೆಸುಣ್ಣದ ಹಾಗೆ ಪುಡಿ ಬಂದರೆ ಬಿಟ್ಟುಬಿಡಿ.

ಎರಡನೆಯದು ಚಳಿಯ ಪರೀಕ್ಷೆ. ಪುಣೆಯ 30 ಡಿಗ್ರಿಯಲ್ಲಿ ಚೆನ್ನಾಗಿ ಬಗ್ಗುವ ಮುದಿ ಪ್ಲಾಸ್ಟಿಕ್ ಸೊನ್ನೆಗಿಂತ ಕೆಳಗೆ ಗಾಜಿನ ಹಾಗೆ ಆಗಬಹುದು. ನಮ್ಮ ಊರಲ್ಲಿ ಆ ಚಳಿ ಸಿಗುವುದು ಫ್ರೀಜರಿನಲ್ಲಿ ಮಾತ್ರ. ಮನೆಯ ಫ್ರಿಜ್ಜಿನ ಫ್ರೀಜರ್ ಸುಮಾರು ಮೈನಸ್ 18ರಲ್ಲಿರುತ್ತದೆ. ನಮ್ಮದರಲ್ಲಿ ಬೂಟು ಹಿಡಿಸಲಿಲ್ಲ. ಬೀದಿ ತುದಿಯ ಮಸ್ತಾನಿ ಅಂಗಡಿಯವರು ಐಸ್‌ಕ್ರೀಮಿನ ದೊಡ್ಡ ಫ್ರೀಜರಿನಲ್ಲಿ ಒಂದು ರಾತ್ರಿ ಇಡಲು ಒಪ್ಪಿದರು. ಬೂಟನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಎರಡು ಚೀಲದಲ್ಲಿ ಕಟ್ಟಿ ಕೊಟ್ಟೆ. ಬೆಳಿಗ್ಗೆ ತೆಗೆದ ಕೂಡಲೇ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕೊಕ್ಕನ್ನು ನೆಲಕ್ಕೆ ಒತ್ತಿ ಇಪ್ಪತ್ತು ಸಲ ತಿದಿ ಬಗ್ಗಿಸಿದೆ. ಮೇಲ್ಭಾಗವನ್ನು ಕೈಯಿಂದ ಜೋರಾಗಿ ಅಗಲಿಸಿದೆ. ಬಿರುಕಿಲ್ಲ, ಸದ್ದಿಲ್ಲ. ಆಮೇಲೆಯೇ ಕೆಲಸ ಶುರು ಮಾಡಿದ್ದು. ನಿಮ್ಮ ಬೂಟು ಇಲ್ಲಿ ಸೀಳಿದರೆ ಬೇಸರ ಮಾಡಿಕೊಳ್ಳಬೇಡಿ. ಬೆಟ್ಟದ ಮೇಲೆ ಸೀಳಬೇಕಾದ್ದು ಮನೆಯಲ್ಲಿ ಸೀಳಿತು. ಬಕಲ್, ಲೈನರ್ ಬಿಚ್ಚಿಟ್ಟುಕೊಳ್ಳಿ, ಮುಂದಿನ ಜೊತೆಗೆ ಬೇಕಾಗುತ್ತವೆ.

ಸಾಮಾನು

ರವಿವಾರ ಪೇಟೆಯ ಬೋಹರಿ ಆಳಿಗೆ ಒಂದು ಸುತ್ತು ಹೋದರೆ ಎಲ್ಲಾ ಸಿಗುತ್ತದೆ. ಹ್ಯಾಕ್ಸಾ ಬ್ಲೇಡು, ಅರ್ಧ ದುಂಡಗಿನ ಅರ, 120, 240, 400 ನಂಬರಿನ ಉಪ್ಪುಕಾಗದ, 4ರಿಂದ 8 ಮಿಮೀವರೆಗಿನ ಡ್ರಿಲ್ ಬಿಟ್, ಸಿ-ಕ್ಲಾಂಪ್, ಸ್ಟೇನ್‌ಲೆಸ್ ಬೋಲ್ಟು, ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲವಾಗದ ನಟ್). ಅಂಗಡಿಯಲ್ಲಿ ಅರಕ್ಕೆ ಕಾನಸ್ ಅನ್ನಿ, ಉಪ್ಪುಕಾಗದಕ್ಕೆ ಪಾಲಿಶ್ ಪೇಪರ್ ಅನ್ನಿ. ಬೂಟಿನ ಹಳೆ ರಿವೆಟ್ ಒಂದನ್ನು ಜೇಬಿನಲ್ಲಿ ಒಯ್ದು ತೋರಿಸಿದರೆ ಅಳತೆಯ ತಕರಾರು ಇರುವುದಿಲ್ಲ. ಮುಂಬೈ, ಗೋವಾದ ಕಡಲ ಗಾಳಿಯಲ್ಲಿರುವವರು ಕಬ್ಬಿಣದ ಬೋಲ್ಟಿನಲ್ಲಿ ದುಡ್ಡು ಉಳಿಸಬೇಡಿ, ತುಕ್ಕು ಹಿಡಿದು ಬಿಚ್ಚಲು ಬರುವುದಿಲ್ಲ. ಡ್ರಿಲ್ ಮಷಿನ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರವಲು ಪಡೆಯಿರಿ. ತಿಕ್ಕುವಾಗ ಬರುವ ಪ್ಲಾಸ್ಟಿಕ್ ಧೂಳು ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಬಾಲ್ಕನಿಯಲ್ಲಿ ಪೇಪರ್ ಹಾಸಿಕೊಂಡು ಮಾಡಿ.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಬೆಳಗಾವಿ ಕಡೆಯ ಕಾಕಾ ಒಬ್ಬರಿದ್ದಾರೆ. ಭೋಸರಿಯ ಕಾರ್ಖಾನೆಯಲ್ಲಿ ಟೂಲ್‌ರೂಮ್ ಫಿಟ್ಟರ್ ಆಗಿದ್ದವರು. ಸ್ಕೀ ಅಂದರೆ ಏನು ಅಂತ ಅವರು ಕೇಳಲಿಲ್ಲ. ಬೂಟನ್ನು ತಿರುಗಿಸಿ ನೋಡಿ, ಎಲ್ಲಿ ತಿರುಗುತ್ತದೆ, ಎಲ್ಲಿ ತಡೆಯುತ್ತದೆ ಅಂತ ಬೆರಳಿಟ್ಟು ತೋರಿಸಿದರು. "ಕೊಯ್ದದ್ದು ತಿರುಗಿ ಹತ್ತೂದಿಲ್ಲ ತಮ್ಮಾ. ಗುರುತು ಹಾಕು, ಒಂದು ದಿನ ಬಿಡು, ಮತ್ತ ನೋಡಿ ಕೊಯ್ಯಿ" ಅಂದರು. ಕೆಳಗಿನ ಎಷ್ಟೋ ವಿಷಯ ಅವರಿಂದ ಕಲಿತದ್ದು.

ಬಿಚ್ಚುವುದು

ಮೊದಲು ಎಲ್ಲಾ ಬದಿಯಿಂದ ಫೋಟೋ ತೆಗೆಯಿರಿ. ಎಡ ಬಲದ ಬಕಲ್ ಬೇರೆ ಬೇರೆ ಡಬ್ಬಿಗೆ ಹಾಕಿ. ಲೈನರ್, ಒಳ ಅಟ್ಟೆ ಹೊರಗೆ ಬರಲಿ.

ಕಣಕಾಲಿನ ಸುತ್ತ ಸುತ್ತಿಕೊಳ್ಳುವ ಮೇಲಿನ ತುಂಡಿಗೆ ಕಫ್ ಅನ್ನುತ್ತಾರೆ. ಅದು ಎರಡು ಬದಿಯ ಎರಡು ರಿವೆಟ್ ಮೇಲೆ ತಿರುಗುತ್ತದೆ. ಈ ರಿವೆಟ್ಟಿನ ತಲೆಯ ನಡುವೆ ಪಂಚಿನಿಂದ ಚುಕ್ಕಿ ಹೊಡೆದು, ಸಣ್ಣ ಬಿಟ್ಟಿನಿಂದ ಶುರು ಮಾಡಿ ತಲೆ ಕಳಚುವವರೆಗೆ ಮಾತ್ರ ಕೊರೆಯಿರಿ. ಪೂರ್ತಿ ಆಳಕ್ಕೆ ಕೊರೆದರೆ ಪ್ಲಾಸ್ಟಿಕ್ ತೂತು ಅಗಲವಾಗುತ್ತದೆ, ಆಮೇಲೆ ಕಫ್ ಯಾವಾಗಲೂ ಲಟಲಟ ಅನ್ನುತ್ತದೆ. ಡ್ರಿಲ್ ನಿಧಾನಕ್ಕೆ ತಿರುಗಲಿ. ರಿವೆಟ್ ಬಿಸಿಯಾದರೆ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ.

ವಾಪಸ್ ಜೋಡಿಸುವಾಗ ಬರಿ ಬೋಲ್ಟು ಸಾಲದು. ಬೋಲ್ಟಿನ ಮರೆ, ಅಂದರೆ ಆ ಸುತ್ತು ಗೆರೆ, ಪ್ಲಾಸ್ಟಿಕ್ಕನ್ನು ಗರಗಸದ ಹಾಗೆ ತಿನ್ನುತ್ತದೆ. ನಡುವೆ ನಯವಾದ ಹಿತ್ತಾಳೆಯ ಬುಶ್ ಬೇಕು. ಕಾಕಾ ಪರಿಚಯದ ಲೇತ್ ಅಂಗಡಿಯಲ್ಲಿ ನಾಲ್ಕು ಬುಶ್ ಮಾಡಿಸಿ ಕೊಟ್ಟರು. ಗುಟ್ಟು ಅದರ ಉದ್ದದಲ್ಲಿದೆ. ಎರಡು ಪದರ ಪ್ಲಾಸ್ಟಿಕ್ಕಿನ ದಪ್ಪಕ್ಕಿಂತ ಕಾಲು ಮಿಮೀ ಉದ್ದ ಇರಬೇಕು. ಆಗ ನಟ್ ಬುಶ್ ಮೇಲೆ ಬಿಗಿಯಾಗಿ ಕೂರುತ್ತದೆ, ಕಫ್ ಸಡಿಲವಾಗಿ ತಿರುಗುತ್ತದೆ. ಬೋಲ್ಟಿನ ಚಪ್ಪಟೆ ತಲೆ ಒಳಗೆ, ನಟ್ ಹೊರಗೆ. ಉಲ್ಟಾ ಹಾಕಿದರೆ ಕಣಕಾಲಿನ ಗಂಟಿಗೆ ಚುಚ್ಚುತ್ತದೆ. ನಟ್ ಕಳಚದಿರಲು ಅಂಟು ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಆ ಅಂಟುಗಳು ಕೆಲವು ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತವೆ. ನೈಲಾಕ್ ನಟ್ ಇದ್ದರೆ ಅದರ ಅಗತ್ಯವೇ ಇಲ್ಲ.

ಕಫ್ ಕೊಯ್ಯುವುದು

ಇಡೀ ಕೆಲಸದ ಜೀವ ಇಲ್ಲಿದೆ, ಅವಸರ ಬೇಡ.

ನಡೆಯುವಾಗ ಕಾಲು ಹಿಂದಕ್ಕೆ ವಾಲಬೇಕು. ಇಳಿಯುವಾಗ ಕಫ್ಫನ್ನು ಬಿಗಿಯಾಗಿ ಹಿಡಿದು ನಡೆಯುವಾಗ ಬಿಡುವ ಹಿಂದಿನ ನಡಿಗೆ-ಲಾಕ್ ಬಿಚ್ಚಿದರೂ ಹಳೆ ಬೂಟಿನಲ್ಲಿ ಕಫ್ ಸ್ವಲ್ಪ ಹಿಂದೆ ಹೋಗಿ ಠಕ್ ಅಂತ ನಿಲ್ಲುತ್ತದೆ. ಎಲ್ಲಿ ತಾಗಿ ನಿಲ್ಲುತ್ತದೆ ಅಂತ ಪತ್ತೆ ಮಾಡಬೇಕು. ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿ, ಕೆಳಗಿನ ಶೆಲ್ಲಿನ ಹಿಮ್ಮಡಿ ಭಾಗಕ್ಕೆ ತೆಳ್ಳಗೆ ಸವರಿ. ಕಫ್ಫನ್ನು ಹಿಂದೆ ಮುಂದೆ ಆಡಿಸಿ. ಕಫ್ಫಿನ ಒಳಗೆ ಎಲ್ಲಿ ಕೆಂಪು ಹತ್ತಿತೋ ಅಲ್ಲಿ ತಡೆ ಇದೆ. ಸಾಮಾನ್ಯವಾಗಿ ಕಫ್ಫಿನ ಹಿಂಬದಿಯ ಕೆಳ ಅಂಚು, ಜೊತೆಗೆ ಎರಡೂ ಬದಿಯ ಕೆಳ ಮೂಲೆಗಳು.

ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದೆ. ಫೋನನ್ನು ಕಫ್ಫಿನ ಬೆನ್ನಿಗೆ ಒತ್ತಿ ಹಿಡಿದು, ಪೂರ್ತಿ ಮುಂದೆ ಮತ್ತು ಪೂರ್ತಿ ಹಿಂದೆ ಎಷ್ಟು ಡಿಗ್ರಿ ಅಂತ ಬರೆದಿಟ್ಟುಕೊಳ್ಳಿ. ನನ್ನದರಲ್ಲಿ ಶುರುವಿಗೆ ಒಟ್ಟು 17 ಡಿಗ್ರಿ ಇತ್ತು.

ಈಗ ಗುರುತು ಹಾಕಿ. ಹಿಂಬದಿಯ ಕೆಳ ಅಂಚಿನಲ್ಲಿ ಅಗಲವಾದ ಕಮಾನಿನ ಆಕಾರ ಬರಲಿ, ಚೂಪಾದ ಮೂಲೆ ಎಲ್ಲೂ ಬೇಡ. ಬಿರುಕು ಹುಟ್ಟುವುದೇ ಮೂಲೆಯಲ್ಲಿ. ಕೊಯ್ತ ಎಲ್ಲಿ ತಿರುಗಬೇಕೋ ಅಲ್ಲಿ ಮೊದಲು 6 ಮಿಮೀ ದುಂಡು ತೂತು ಕೊರೆದು, ಆ ತೂತಿಗೆ ಬಂದು ಮುಗಿಯುವ ಹಾಗೆ ಕೊಯ್ಯಿರಿ. ಒಂದು ಸಲಕ್ಕೆ 3 ಮಿಮೀಗಿಂತ ಜಾಸ್ತಿ ತೆಗೆಯಬೇಡಿ. ತೆಗೆದು, ಅರ ಹಾಕಿ, ಕಫ್ ತಾತ್ಕಾಲಿಕವಾಗಿ ಜೋಡಿಸಿ, ಅಳೆದು, ಮತ್ತೆ ಕುಂಕುಮ. ನನಗೆ ಇದಕ್ಕೇ ಮೂರು ಭಾನುವಾರ ಹಿಡಿಯಿತು. ಎರಡೂ ಬೂಟು ಒಂದೇ ಸಮ ಮುಂದುವರಿಯಲಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎಡ ಬಲ ಒಂದೇ ಥರ ಆಗುವುದಿಲ್ಲ.

ಮುಂದಿನ ಕಡೆಯೂ ನೋಡಿ. ಮಂಡಿ ಮುಂದೆ ಬಗ್ಗಿದಾಗ ಕಫ್ಫಿನ ಮುಂದಿನ ಕೆಳ ಅಂಚು ಪಾದದ ಮೇಲ್ಭಾಗವನ್ನು ಒತ್ತುತ್ತದೆ. ಅಲ್ಲಿ 5 ಮಿಮೀ ತೆಗೆದು ದುಂಡಗೆ ಮಾಡಿದರೆ ಟೆಲಿಮಾರ್ಕ್ ತಿರುವಿಗೂ ಹಿತ. ಕಫ್ಫಿನ ಹಿಂಬದಿಯ ಎತ್ತರವನ್ನು ನಾನು 15 ಮಿಮೀ ಇಳಿಸಿದೆ. ಅದಕ್ಕಿಂತ ಇಳಿಸಿದರೆ ಇಳಿಜಾರಿನಲ್ಲಿ ಹಿಂದೆ ಒರಗಲು ಏನೂ ಇರುವುದಿಲ್ಲ. ಕೊನೆಗೆ ಎಲ್ಲಾ ಅಂಚನ್ನು 120, 240, 400 ಅಂತ ಕ್ರಮವಾಗಿ ತಿಕ್ಕಿ, ಬೆರಳು ಜಾರುವಷ್ಟು ನಯ ಮಾಡಿ. ಒರಟು ಅಂಚು ನೋಡಲು ಚೆನ್ನಾಗಿಲ್ಲ ಅಂತ ಅಲ್ಲ. ಒಂದೊಂದು ಗೀರೂ ಬಿರುಕಿನ ಬೀಜ. ನನ್ನ ಬೂಟು ಈಗ 38 ಡಿಗ್ರಿ ಆಡುತ್ತದೆ.

ಕೈ ಹಾಕಬಾರದ ಜಾಗಗಳು: ತಿದಿ, ಕೊಕ್ಕು, ಕಫ್ ತಿರುಗುವ ತೂತಿನ ಸುತ್ತ ಎರಡು ಬೆರಳಗಲ, ಕೇಬಲ್ ಬೈಂಡಿಂಗ್ ಕೂರುವ ಹಿಮ್ಮಡಿಯ ತೋಡು, ನಡಿಗೆ-ಲಾಕಿನ ಕಂಬಿ ಕೂರುವ ಬುಡ. ಲಾಕನ್ನೇ ಕಿತ್ತುಹಾಕಿ ಹಗುರ ಮಾಡುವವರಿದ್ದಾರೆ. ಮೆತ್ತನೆ ಹಿಮದ ಸಣ್ಣ ಇಳಿಜಾರಿಗೆ ಅದು ಸಾಕು. ಗುಲ್ಮಾರ್ಗಿನ ಕಡಿದಾದ ಇಳಿಜಾರಿಗೆ ಹೋಗುವವರು ಲಾಕ್ ಉಳಿಸಿಕೊಳ್ಳಿ. ಕಫ್ ತುಂಬಾ ಜೇನುಗೂಡಿನ ಹಾಗೆ ತೂತು ಕೊರೆಯುವ ಗೀಳು ಕೂಡ ಬೇಡ. ಕಡಿಮೆಯಾಗುವುದು ಇಪ್ಪತ್ತು ಗ್ರಾಂ, ಬಿರುಕಿಗೆ ಸಿಗುವುದು ಹತ್ತಾರು ಬಾಗಿಲು.

ಬಕಲ್

ನಾಲ್ಕು ಬಕಲ್ ಟೂರಿಂಗಿಗೆ ಜಾಸ್ತಿ. ಬೆರಳಿನ ಮೇಲಿನದು ಸುಮ್ನೆ ಭಾರ, ತೆಗೆಯಬಹುದು. ಪಾದದ ಮೇಲ್ಭಾಗದ್ದು ಇರಲೇಬೇಕು, ಹಿಮ್ಮಡಿ ಒಳಗೆ ಏಳದಂತೆ ಹಿಡಿಯುವುದು ಅದೇ. ಕಫ್ಫಿನ ಎರಡರಲ್ಲಿ ಒಂದು ಸಾಕು, ಮೇಲೆ ಅಗಲವಾದ ವೆಲ್ಕ್ರೋ ಪಟ್ಟಿ. ಪಟ್ಟಿಯನ್ನು ರಕ್‌ಸ್ಯಾಕ್ ರಿಪೇರಿಯವರ ಹತ್ತಿರ ಹೊಲಿಸಿದೆ. ಉಳಿದ ತೂತುಗಳಿಗೆ ರಬ್ಬರ್ ವಾಷರ್ ಹಾಕಿ ಗಿಡ್ಡ ಬೋಲ್ಟಿನಿಂದ ಮುಚ್ಚಿ. ಪೆಬಾಕ್ಸ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಏನನ್ನೇ ಜೋಡಿಸುವುದಿದ್ದರೂ ಬೋಲ್ಟು ನಂಬಿ.

ಲೈನರ್, ಅಕ್ಕಿ ಮತ್ತು ಮೈಕ್ರೋವೇವ್

ಹಳೆ ಬೂಟಿನ ಲೈನರ್ ಒಳಗಿನ ಫೋಮ್ ಚಪಾತಿಯಷ್ಟು ತೆಳ್ಳಗಾಗಿರುತ್ತದೆ. ಬಿಸಿ ಮಾಡಿದರೆ ಕಾಲಿನ ಆಕಾರಕ್ಕೆ ಬರುವ ಹಗುರ ಫೋಮಿನ ಲೈನರ್ ಸಿಕ್ಕರೆ ಖರ್ಚು ಮಾಡಿ. ನನ್ನ ಬೂಟಿನಲ್ಲಿ ಕಡಿಮೆಯಾದ 330 ಗ್ರಾಮಿನಲ್ಲಿ ಹೆಚ್ಚಿನ ಪಾಲು ಲೈನರಿನದೇ. ಆದರೆ ಬಿಸಿಗೆ ಬರುವ ಜಾತಿಯದ್ದಾ ಅಂತ ಲೈನರ್ ಮೇಲೆ ಬರೆದದ್ದನ್ನು ಓದಿ. ಎಲ್ಲಾ ಲೈನರ್ ಬಿಸಿ ತಡೆಯುವುದಿಲ್ಲ.

ಅಂಗಡಿಯವರ ಬಿಸಿಗಾಳಿ ಯಂತ್ರ ನಮಗೆ ಸಿಗುವುದಿಲ್ಲ. ಮನೆಯಲ್ಲಿ ಅಕ್ಕಿಯಿಂದ ಮಾಡಬಹುದು. ಎಲಾಸ್ಟಿಕ್ ಇಲ್ಲದ ಶುದ್ಧ ಹತ್ತಿಯ ಉದ್ದ ಕಾಲುಚೀಲಕ್ಕೆ ಪಾದ ಮತ್ತು ಕಣಕಾಲು ತುಂಬುವಷ್ಟು ಒಣ ಅಕ್ಕಿ ತುಂಬಿ, ಬಾಯಿ ದಾರದಿಂದ ಕಟ್ಟಿ. ಮೈಕ್ರೋವೇವಿನಲ್ಲಿ ಪಕ್ಕಕ್ಕೆ ಒಂದು ಲೋಟ ನೀರಿಟ್ಟು, ಒಂದೊಂದು ನಿಮಿಷಕ್ಕೆ ತೆಗೆದು ಕುಲುಕಿ, ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ ಮಾಡಿ. ಒಂದೇ ಸಲ ಹತ್ತು ನಿಮಿಷ ಇಟ್ಟರೆ ಒಳಗಿನ ಅಕ್ಕಿ ಸೀದು ಹೊಗೆ ಬರುತ್ತದೆ. ಪಕ್ಕ ಬಿಟ್ಟು ಹೋಗಬೇಡಿ.

ಲೈನರನ್ನು ಶೆಲ್ಲಿನೊಳಗೆ ಕೂರಿಸಿ, ಬಿಸಿ ಅಕ್ಕಿಯ ಚೀಲ ಒಳಗೆ ತುರುಕಿ, ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ನಿಮ್ಮ ಬೆರಳ ತುದಿಗೆ, ಹೆಬ್ಬೆರಳ ಗಂಟಿಗೆ ತೆಳು ಫೋಮಿನ ತುಂಡಿಟ್ಟು ಮೇಲೆ ತೆಳ್ಳನೆ ಸಾಕ್ಸ್ ಹಾಕಿಕೊಳ್ಳಿ. ಆ ತುಂಡುಗಳಿಂದ ಬೆರಳಿಗೆ ಆಡಲು ಜಾಗ ಬರುತ್ತದೆ. ಅಕ್ಕಿ ತೆಗೆದು, ಕೂಡಲೇ ಕಾಲಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಬಕಲ್ ಹಗುರವಾಗಿ ಹಾಕಿ. ಬೆರಳಿನ ಕೆಳಗೆ ಒಂದು ಇಂಚಿನ ಮರದ ತುಂಡಿಟ್ಟು ಹತ್ತು ನಿಮಿಷ ನೆಟ್ಟಗೆ ನಿಲ್ಲಿ. ಆಗ ಹಿಮ್ಮಡಿ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ತಣಿಯುವವರೆಗೆ ಹಿಮ್ಮಡಿ ಎತ್ತಿ ತಿದಿ ಬಗ್ಗಿಸಬೇಡಿ, ಒಳಗೆ ಸುಕ್ಕು ಹಾಗೇ ಉಳಿದು ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತದೆ. ಸರಿ ಬರದಿದ್ದರೆ ಇನ್ನೊಮ್ಮೆ ಮಾಡಬಹುದು. ಆ ಅಕ್ಕಿಯನ್ನು ಅನ್ನಕ್ಕೆ ಬಳಸಬೇಡಿ, ಮುಂದಿನ ಸಲಕ್ಕೆ ಎತ್ತಿಡಿ.

ಎಲುಬು ಒತ್ತುವ ಜಾಗ

ಲೈನರ್ ಸರಿಯಾದ ಮೇಲೂ ಕಿರುಬೆರಳಿನ ಹೊರಬದಿ ಅಥವಾ ಕಣಕಾಲಿನ ಗಂಟು ನೋಯುತ್ತಿದ್ದರೆ ಶೆಲ್ಲನ್ನೇ ಹೊರಗೆ ಉಬ್ಬಿಸಬೇಕು. ನೋಯುವ ಜಾಗಕ್ಕೆ ಅದೇ ಕುಂಕುಮದೆಣ್ಣೆ ಲೈನರಿನ ಹೊರಗಿನಿಂದ ಹಚ್ಚಿ, ಬೂಟು ಹಾಕಿ ನಿಂತರೆ ಶೆಲ್ಲಿನೊಳಗೆ ಗುರುತು ಬೀಳುತ್ತದೆ.

ಹೀಟ್ ಗನ್ ಇದ್ದವರು ಅದನ್ನೇ ಹಿಡಿಯಲು ನೋಡುತ್ತಾರೆ. ಮೊದಲ ಸಲ ಮಾಡುವವರಿಗೆ ಅದು ಬೇಡ ಅನ್ನುತ್ತೇನೆ. ಪೆಬಾಕ್ಸ್ ಒಂದು ಕ್ಷಣ ಗಟ್ಟಿ ಇರುತ್ತದೆ, ಮರುಕ್ಷಣ ಹೊಳಪಾಗಿ ಕುಸಿಯುತ್ತದೆ. ಕುದಿಯುವ ನೀರು ಸುರಕ್ಷಿತ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಎಷ್ಟು ಹೊತ್ತು ಇಟ್ಟರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ ಸೀಯುವ ಭಯವಿಲ್ಲ. ಗುರುತಿನ ಜಾಗ ಮಾತ್ರ ಮುಳುಗುವಂತೆ ಬಾಣಲೆಯಲ್ಲಿ ಐದು ನಿಮಿಷ ಹಿಡಿದು, ತೆಗೆದ ಕೂಡಲೇ ಒಳಗಿನಿಂದ ಸಣ್ಣ ಮರದ ಗುಂಡನ್ನು ಸಿ-ಕ್ಲಾಂಪಿನಿಂದ ಹೊರಕ್ಕೆ ಒತ್ತಿ. ಕೈಗೆ ದಪ್ಪ ಗ್ಲೌಸ್ ಇರಲಿ. ಬೇಕಾದದ್ದಕ್ಕಿಂತ 2 ಮಿಮೀ ಜಾಸ್ತಿ ಒತ್ತಿ, ಒಂದು ರಾತ್ರಿ ಹಾಗೇ ಬಿಡಿ. ಬಿಚ್ಚಿದಾಗ ಅಷ್ಟು ವಾಪಸ್ ಬಂದೇ ಬರುತ್ತದೆ. ತಿದಿಯ ಹತ್ತಿರ ಇದನ್ನು ಮಾಡಬೇಡಿ.

ಅಟ್ಟೆ ಮತ್ತು ಮೂರು ತೂತು

ಕೊಕ್ಕಿನಡಿಯ ಮೂರು ತೂತು ದುಂಡಗೇ ಇವೆಯಾ ನೋಡಿ. ಸವೆದು ಉದ್ದವಾಗಿದ್ದರೆ ಮೊಳೆಯ ಬೈಂಡಿಂಗ್ ಬಿಡಿ, ಹಿಮ್ಮಡಿ ಹಿಡಿಯುವ ಕೇಬಲ್ ಬೈಂಡಿಂಗಿಗೆ ಹೋಗಿ. ಅಂಟು ತುಂಬಿ ಹೊಸ ತೂತು ಕೊರೆಯುವ ಉಪಾಯ ನಿಲ್ಲುವುದಿಲ್ಲ.

ರಬ್ಬರ್ ಅಟ್ಟೆಯ ಅಂಚು ಎದ್ದಿದ್ದರೆ ಚಪ್ಪಲಿ ರಿಪೇರಿಯವರ ಸೊಲ್ಯೂಷನ್ ಸಾಕು. ಎರಡೂ ಬದಿ ತಿಕ್ಕಿ ಒರಟು ಮಾಡಿ, ಎರಡಕ್ಕೂ ಹಚ್ಚಿ, ಹದಿನೈದು ನಿಮಿಷ ಒಣಗಲು ಬಿಟ್ಟು, ಆಮೇಲೆ ಒತ್ತಿ ಕ್ಲಾಂಪ್ ಹಾಕಿ. ಜುಲೈನಲ್ಲಿ ಮಾಡಬೇಡಿ. ತೇವದ ಗಾಳಿಯಲ್ಲಿ ಸೊಲ್ಯೂಷನ್ ಮೇಲೆ ಕಾಣದ ನೀರಿನ ಪದರ ಕೂತು ಎರಡೇ ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ನವೆಂಬರಿನ ಒಣ ಮಧ್ಯಾಹ್ನ ಇದಕ್ಕೆ ಒಳ್ಳೆಯದು.

ಹಿಮಕ್ಕೆ ಹೋಗುವ ಮುಂಚೆ

ಎರಡು ಅಡಿಯ ಹಲಗೆಗೆ ಹಳೆ ಬೈಂಡಿಂಗ್ ಸ್ಕ್ರೂ ಮಾಡಿ, ಅದಕ್ಕೆ ಬೂಟು ಸಿಗಿಸಿ, ಮನೆಯಲ್ಲೇ ಮಂಡಿ ಬಗ್ಗಿಸಿ ಏಳಿ. ಕಾಲಿಗೆ ನೂರು ಸಲ. ಆಮೇಲೆ ಟಾರ್ಚ್ ಹಿಡಿದು ಕೊಯ್ದ ಅಂಚು, ಹೊಸ ತೂತು, ತಿದಿ ಎಲ್ಲಾ ನೋಡಿ. ಕಟ್ಟಡದ ಮೆಟ್ಟಿಲು ಏಳು ಮಹಡಿ ಹತ್ತಿ ಇಳಿಯಿರಿ. ನಟ್ ಸಡಿಲವಾಗುವುದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಕೊನೆಗೆ ಇನ್ನೊಂದು ರಾತ್ರಿ ಫ್ರೀಜರ್. ಕೊಯ್ದ ಮೇಲೆ ಶೆಲ್ಲಿನ ಮೇಲೆ ಒತ್ತಡ ಬೀಳುವ ಜಾಗ ಬದಲಾಗಿರುತ್ತದೆ, ಮೊದಲ ಪರೀಕ್ಷೆ ಪಾಸಾಗಿತ್ತು ಅಂತ ಬಿಡಬೇಡಿ.

ಗುಲ್ಮಾರ್ಗಿನಲ್ಲಿ ಮೊದಲ ದಿನ ಗೊಂಡೊಲಾ ಕೇಬಲ್ ಕಾರಿನ ಮೊದಲ ನಿಲ್ದಾಣ ಕೊಂಗ್ದೂರಿಯ ಆಸುಪಾಸಿನಲ್ಲೇ ಇರಿ. ಅಫರ್ವತ್ ಕಡೆಯ ಎರಡನೇ ಹಂತ 3,900 ಮೀಟರಿಗೂ ಮೇಲೆ, ಅಲ್ಲಿ ಬೂಟು ಕೈಕೊಟ್ಟರೆ ಇಳಿಯುವುದು ಕಷ್ಟ. ಹಿಮಕುಸಿತದ ಎಚ್ಚರಿಕೆ, ಜೊತೆಗಾರರು, ಸಲಕರಣೆ ಎಲ್ಲಾ ಬೇರೆಯೇ ತಯಾರಿ, ಬೂಟು ಚೆನ್ನಾಗಿದೆ ಅಂತ ಅದನ್ನು ಮರೆಯಬೇಡಿ. ಚೀಲದಲ್ಲಿ ಎರಡು ಬೋಲ್ಟು ನಟ್, ಒಂದು ಹೆಚ್ಚುವರಿ ಬುಶ್, ತೆಗೆದಿಟ್ಟ ಹಳೆ ಬಕಲ್, ಒಂದು ಮೀಟರ್ ತಂತಿ, ಉದ್ದನೆಯ ರಬ್ಬರ್ ಪಟ್ಟಿ, ನೀರಿನ ಬಾಟಲಿಗೆ ಸುತ್ತಿದ ಡಕ್ಟ್ ಟೇಪ್ ಇರಲಿ. ಆ ಮೊದಲಿನ ಬೂಟು ಸೀಳಿದ ದಿನ ನನ್ನ ಹತ್ತಿರ ಆ ಟೇಪ್ ಇದ್ದಿದ್ದರೆ ಕಾಲು ಒದ್ದೆಯಾಗುತ್ತಿರಲಿಲ್ಲ.

ವಾಪಸ್ ಬಂದ ಮೇಲೆ ಲೈನರ್ ಹೊರಗೆ ತೆಗೆದು ನೆರಳಲ್ಲಿ ಒಣಗಿಸಿ. ಬಕಲ್ ಹಗುರವಾಗಿ ಹಾಕಿಡಿ, ಇಲ್ಲದಿದ್ದರೆ ಶೆಲ್ ಅಗಲಿಕೊಂಡು ಕೂರುತ್ತದೆ. ಜೂನ್ ಬರುವ ಮುಂಚೆ ಹತ್ತಿ ಚೀಲಕ್ಕೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಲಗುವ ಕೋಣೆಯ ಕಪಾಟಿನ ಮೇಲಿನ ಖಾನೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬಾತ್‌ರೂಮಿನ ಮೇಲಿನ ಅಟ್ಟಕ್ಕೆ ಹಾಕಬೇಡಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಸಿಲಿಕಾ ಜೆಲ್ಲನ್ನು ಗಣಪತಿ ಹಬ್ಬದ ಹೊತ್ತಿಗೆ ಒಮ್ಮೆ ಬದಲಾಯಿಸಿ.